ಆಮ್‌ಸ್ಟರ್‌ಡ್ಯಾಮ್‌ನ ಮಕ್ಕಳು ಬೀದಿ ಕೇಳಿದಾಗ

ಈ ವಾರದ ಕತೆ ಶುರುವಾಗೋದು ಒಂದು ಹಂಪಿನಿಂದ. ನಮ್ಮ ಬೀದಿ ಹಂಪು.

ನಾನಿರೋದು ಬೆಂಗಳೂರಿನ ಒಂದು ಮೂವತ್ತಡಿ ರಸ್ತೆಯಲ್ಲಿ. ಆ ಕಡೆ ಒಂದು ಮೇನ್ ರೋಡು, ಈ ಕಡೆ ಒಂದು ಮೇನ್ ರೋಡು. ಸಿಗ್ನಲ್ ತಪ್ಪಿಸೋಕೆ ಮೊಬೈಲಲ್ಲಿ ಮ್ಯಾಪ್ ನೋಡ್ಕೊಂಡು ಬರೋ ಗಾಡಿಗಳೆಲ್ಲ ನಮ್ಮ ಬೀದಿಗೇ ನುಗ್ಗುತ್ತವೆ. ಹೋದ ತಿಂಗಳು ಒಂದು ಬೆಳಿಗ್ಗೆ ಎದ್ದು ನೋಡಿದ್ರೆ ಮೂರನೇ ಮನೆ ಮುಂದೆ ಸಿಮೆಂಟಿನ ಗುಡ್ಡೆ. ಮನೆ ಕಟ್ಟಿಸಿ ಉಳಿದಿದ್ದ ಸಿಮೆಂಟು, ಜಲ್ಲಿ. ರಾತ್ರೋರಾತ್ರಿ ಹಾಕಿಸಿದ್ದು ಆ ಮನೆ ಅಜ್ಜಿ. ಅವರ ಮೊಮ್ಮಗಳಿಗೆ ಬೈಕ್ ತಾಗಿ ಮೊಣಕಾಲಿಗೆ ಹೊಲಿಗೆ ಬಿದ್ದಿತ್ತು.

ಸಂಜೆ ಹೊತ್ತಿಗೆ ಜಗಳ. ಎದುರುಮನೆ ಅಂಕಲ್‌ಗೆ ಬೆನ್ನುನೋವು, ಡಾಕ್ಟರು ಕುಲುಕಾಟ ಬೇಡ ಅಂದಿದಾರೆ. "ಏನಮ್ಮಾ ಇದು, ನಿಮ್ಮ ಮೊಮ್ಮಗಳಿಗೋಸ್ಕರ ನನ್ನ ಬೆನ್ನು ಮುರೀಬೇಕಾ?" ಅಂದ್ರು. ಅಜ್ಜಿ ಗೇಟ್ ಹಿಡ್ಕೊಂಡು, "ಬೆನ್ನಿಗೆ ಪಟ್ಟಿ ಕಟ್ತಾರೆ ಕಣಪ್ಪಾ. ಮಗೂನೇ ಹೋದ್ರೆ ಏನ್ ಕಟ್ಕೊಳ್ಲಿ?" ಅಂದ್ರು. ರಾತ್ರಿ ಆಗೋದ್ರೊಳಗೆ ಬೀದಿಯ ವಾಟ್ಸಾಪ್ ಗ್ರೂಪು ಎರಡು ಗ್ರೂಪಾಗಿತ್ತು. ನಿಜ ಹೇಳಿಬಿಡ್ತೀನಿ, ನಾನು ಅಂಕಲ್ ಕಡೆ ಇದ್ದೆ. ದಿನಾ ಸ್ಕೂಟರಲ್ಲಿ ಆ ಗುಡ್ಡೆ ಹತ್ತಿ ಇಳಿಯೋನು ನಾನೇ ತಾನೆ.

ಆ ಸಿಟ್ಟಲ್ಲೇ ಈ ಹಂಪು ಅನ್ನೋದನ್ನ ಯಾರು ಕಂಡುಹಿಡಿದರೋ ನೋಡೋಣ ಅಂತ ಹುಡುಕ್ತಾ ಕೂತೆ. ಅಮೆರಿಕದ ನ್ಯೂಜೆರ್ಸಿಯ ಚಾಥಮ್ ಅನ್ನೋ ಊರಲ್ಲಿ 1906ರಲ್ಲೇ ಕಾರುಗಳ ಓಟ ತಡೆಯೋಕೆ ಜನ ದಾಟೋ ಜಾಗಗಳನ್ನ ಐದು ಇಂಚು ಎತ್ತರಿಸಿದ್ದರಂತೆ. 1953ರಲ್ಲಿ ಸೇಂಟ್ ಲೂಯಿಸ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಹಂಪಿನ ವಿನ್ಯಾಸ ಮಾಡಿದವರು ಆರ್ಥರ್ ಕಾಂಪ್ಟನ್. ಹೌದು, ಫಿಸಿಕ್ಸ್ ಪುಸ್ತಕದಲ್ಲಿ ಬರೋ ಕಾಂಪ್ಟನ್ ಎಫೆಕ್ಟಿನ ಅದೇ ಕಾಂಪ್ಟನ್. ಆಗ ಅವರು ಅಲ್ಲಿನ ಕುಲಪತಿ. ನೊಬೆಲ್ ಬಂದವರಿಗೂ ಗಾಡಿಗಳ ಕಾಟ ತಪ್ಪಲಿಲ್ಲ ನೋಡಿ.

ಆದ್ರೆ ನನ್ನನ್ನ ನಿಲ್ಲಿಸಿದ್ದು ಬೇರೆ. ಡಚ್ ಟೀವಿ ಸಂಸ್ಥೆ ವಿಪಿಆರ್‌ಓ 1972ರಲ್ಲಿ ಮಾಡಿದ ಒಂದು ಸಾಕ್ಷ್ಯಚಿತ್ರ. ಊರು ಆಮ್‌ಸ್ಟರ್‌ಡ್ಯಾಮ್, ಬಡಾವಣೆ ದೆ ಪೈಪ್. ಹತ್ತೊಂಬತ್ತನೇ ಶತಮಾನದಲ್ಲಿ ಕೆಲಸಗಾರರಿಗೆ ಅಂತ ಕಟ್ಟಿದ ಇಕ್ಕಟ್ಟು ಬೀದಿಗಳು. ಎರಡೂ ಕಡೆ ಎತ್ತರದ ಮನೆಗಳು, ಮುಂದೆ ಅಂಗಳ ಇಲ್ಲ, ಬೀದಿ ತುಂಬ ನಿಂತ ಕಾರುಗಳು. ಶಾಲೆ ಮಕ್ಕಳು ಕ್ಯಾಮೆರಾ ಮುಂದೆ ಹೇಳ್ತಾರೆ: ನಮಗೆ ಆಡೋಕೆ ಜಾಗ ಇಲ್ಲ. ಅಷ್ಟಕ್ಕೇ ಸುಮ್ಮನಾಗಲ್ಲ. ಮನೆಮನೆಗೆ ಹೋಗಿ ಸಹಿ ತಗೋತಾರೆ, ಬೀದಿಯನ್ನ ಗಾಡಿಗಳಿಗೆ ಮುಚ್ಚಬೇಕು ಅಂತ ಕೇಳ್ತಾರೆ. ಒಂದು ದಿನ ಅಡ್ಡ ಹಲಗೆ ಇಟ್ಟು ಮುಚ್ಚಿಯೂ ಬಿಡ್ತಾರೆ.

ಆಗ ಒಬ್ಬ ಕಾರಿನವನು ಬರ್ತಾನೆ. ಇಳೀತಾನೆ. ಅಡ್ಡ ಇಟ್ಟಿದ್ದನ್ನ ಕಿತ್ತು ಬಿಸಾಕ್ತಾನೆ. ಮಕ್ಕಳ ಕಡೆಯ ದೊಡ್ಡವರು ಓಡಿ ಬರ್ತಾರೆ, ತಳ್ಳಾಟ ಶುರುವಾಗುತ್ತೆ.

ಅದನ್ನ ನೋಡಿದಾಗ ನನಗೆ ನಮ್ಮ ಬೀದಿಯೇ ಕಾಣಿಸ್ತು. ನೆದರ್ಲೆಂಡ್ಸ್ ಅಂದ್ರೆ ನಮ್ಮ ತಲೇಲಿರೋ ಚಿತ್ರ ಏನು? ಸೈಕಲ್ಲು, ಟುಲಿಪ್ ಹೂವು, ಶಾಂತವಾದ ಜನ. ಅವರು ಹುಟ್ಟಿದ್ದೇ ಹಾಗೆ ಅಂದ್ಕೊಂಡಿದೀವಿ. ಅಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕೈಗೆ ದುಡ್ಡು ಬಂತು, ದುಡ್ಡಿನ ಹಿಂದೆ ಕಾರು ಬಂತು. ಸೈಕಲ್ ತುಳಿಯೋರು ಕಮ್ಮಿಯಾಗ್ತಾ ಹೋದ್ರು. 1967ರಲ್ಲಿ ಡೇವಿಡ್ ಯೋಕಿನೆನ್ ಅನ್ನೋ ಅಮೆರಿಕನ್ ತಜ್ಞ ಆಮ್‌ಸ್ಟರ್‌ಡ್ಯಾಮ್‌ಗೆ ಒಂದು ಯೋಜನೆ ಕೊಟ್ಟರು. ಕಾಲುವೆ ಮುಚ್ಚಿ ರಸ್ತೆ ಮಾಡಿ, ಹಳೇ ಕೆಲಸಗಾರರ ಬಡಾವಣೆಗಳನ್ನ ಕೆಡವಿ ಹೆದ್ದಾರಿ ತನ್ನಿ ಅಂತ. ಹೀಗೆ ಕೆಡವಬೇಕಾದ ಪಟ್ಟಿಯಲ್ಲಿ ಇದೇ ದೆ ಪೈಪ್ ಕೂಡ ಇತ್ತು. ಆ ಯೋಜನೆ ಜಾರಿಯಾಗಲಿಲ್ಲ.

ಕಾರಿನವನನ್ನ ವಿಲನ್ ಮಾಡೋದು ಸುಲಭ. ನಾನೂ ಮೊದಲ ಸಲ ನೋಡಿದಾಗ ಹಾಗೇ ಬೈದೆ. ಆಮೇಲೆ ಯೋಚಿಸಿದೆ. ಅಪ್ಪ, ಅಜ್ಜ ಎಲ್ಲ ನಡೆದೇ ಕೆಲಸಕ್ಕೆ ಹೋದವರು. ಇವನ ಕಾಲಕ್ಕೆ ಮೊದಲ ಸಲ ಮನೆಗೊಂದು ಕಾರು. ಅದನ್ನ ನಿನ್ನ ಬೀದಿಗೇ ತರಬೇಡ ಅಂದ್ರೆ ಯಾರಿಗಾದ್ರೂ ಉರಿಯಲ್ವಾ? ನಮ್ಮ ಅಂಕಲ್ ಕೂಡ ನಿವೃತ್ತಿ ದುಡ್ಡಲ್ಲೇ ಕಾರು ತಗೊಂಡಿದ್ದು.

ಇನ್ನೊಂದು ಕಡೆ ಲೆಕ್ಕ ಹೀಗಿತ್ತು. 1971ರ ಒಂದೇ ವರ್ಷ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸತ್ತವರು ಸುಮಾರು 3,300 ಜನ. ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ವಿಕ್ ಲಾಂಗೆನ್‌ಹಾಫ್ ಅನ್ನೋ ಪತ್ರಕರ್ತರ ಪುಟ್ಟ ಮಗಳೂ ಅವರಲ್ಲಿ ಒಬ್ಬಳು. 1972ರಲ್ಲಿ ಅವರು 'ದೆ ಟೈಡ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಶೀರ್ಷಿಕೆ 'ಸ್ಟಾಪ್ ದೆ ಕಿಂಡರ್‌ಮೋರ್ಡ್'. ಅಂದ್ರೆ, ಮಕ್ಕಳ ಕೊಲೆ ನಿಲ್ಲಿಸಿ. ಅಪಘಾತ ಅನ್ನಲಿಲ್ಲ ಅವರು, ಕೊಲೆ ಅಂದ್ರು. ಅದೇ ಹೆಸರಲ್ಲಿ ಒಂದು ಸಂಘಟನೆ ಹುಟ್ಟಿತು. ಅದರ ಮೊದಲ ಅಧ್ಯಕ್ಷೆ ಮಾರ್ಟ್ಯೆ ವಾನ್ ಪುಟ್ಟೆನ್, ಆಗಿನ್ನೂ ಚಿಕ್ಕ ವಯಸ್ಸಿನ ತಾಯಿ. ಮುಂದೆ ಯುರೋಪಿಯನ್ ಸಂಸತ್ತಿನ ಸದಸ್ಯೆಯಾದರು.

ಅವರು ಮಾಡಿದ ಪ್ರತಿಭಟನೆಗಳು ನನಗೆ ತುಂಬ ಇಷ್ಟ. ಅಪಘಾತ ಆಗೋ ಜಾಗಗಳಲ್ಲಿ ಹೋಗಿ ಕೂತರು. ಬೀದಿ ಮುಚ್ಚಿಸಿ, ನಡುಬೀದಿಗೆ ಮೇಜು ತಂದಿಟ್ಟು, ಅಕ್ಕಪಕ್ಕದವರನ್ನೆಲ್ಲ ಕರೆದು ಊಟ ಹಾಕಿದರು. ಪ್ರಧಾನಿ ಯೋಪ್ ಡೆನ್ ಔಲ್ ಮನೆವರೆಗೂ ಸೈಕಲ್ಲಲ್ಲಿ ಹೋಗಿ, ಮಕ್ಕಳಿಗೆ ಸುರಕ್ಷಿತ ಬೀದಿ ಕೊಡಿ ಅಂತ ಹಾಡು ಹೇಳಿದರು. ಪ್ರಧಾನಿ ಹೊರಗೆ ಬಂದು ಕೇಳಿಸ್ಕೊಂಡರು. ಅದೇ ಹೊತ್ತಿಗೆ, 1973ರ ಕೊನೆಯಲ್ಲಿ, ಅರಬ್ ದೇಶಗಳು ಎಣ್ಣೆ ನಿಲ್ಲಿಸಿದವು. ಪೆಟ್ರೋಲ್ ಉಳಿಸೋಕೆ ಸರ್ಕಾರ ಭಾನುವಾರ ಕಾರು ಓಡಿಸಬಾರದು ಅಂತು. ಖಾಲಿ ಹೆದ್ದಾರಿ ಮೇಲೆ ಜನ ಸ್ಕೇಟಿಂಗ್ ಮಾಡಿದರು, ಸೈಕಲ್ ತುಳಿದರು. ಕಾರಿಲ್ಲದ ರಸ್ತೆ ಹೇಗಿರುತ್ತೆ ಅಂತ ಇಡೀ ದೇಶ ಪುಕ್ಕಟೆ ನೋಡ್ತು.

ಇನ್ನು ಡೆಲ್ಫ್ಟ್ ಅನ್ನೋ ಊರು. ಅಲ್ಲಿನ ನಗರಸಭೆಯಲ್ಲಿ ಯೋಸ್ಟ್ ವಾಲ್ ಅನ್ನೋ ಎಂಜಿನಿಯರ್ ಇದ್ದರು. ಅವರು ಮತ್ತು ಅವರ ಜೊತೆಗಾರರು 1960ರ ದಶಕದ ಕೊನೆಯಿಂದಲೇ ಬೇರೆ ಒಂದು ಪ್ರಯೋಗ ಶುರು ಮಾಡಿದ್ದರು. ಬೋರ್ಡು ಹಾಕಿ 'ನಿಧಾನ' ಅಂತ ಬರೆದ್ರೆ ಯಾರು ನೋಡ್ತಾರೆ? ಅದಕ್ಕೆ ಬೀದಿಯನ್ನೇ ಬದಲಾಯಿಸಿದರು. ಫುಟ್‌ಪಾತ್‌ಗೂ ರಸ್ತೆಗೂ ಇದ್ದ ಮೆಟ್ಟಿಲು ತೆಗೆದು ಎಲ್ಲ ಒಂದೇ ಮಟ್ಟ ಮಾಡಿದರು. ದಾರಿ ಸೊಟ್ಟಗಾಯಿತು. ನಡುನಡುವೆ ಗಿಡ, ಬೆಂಚು, ಹಂಪು. ಮುಂದೆ ಉದ್ದಕ್ಕೆ ಖಾಲಿ ರಸ್ತೆ ಕಾಣದೇ ಇದ್ರೆ ಕಾಲು ತಾನಾಗೇ ಬ್ರೇಕ್ ಮೇಲೆ ಹೋಗುತ್ತೆ. ಇದಕ್ಕೆ 'ವೋನೆರ್ಫ್' ಅಂತ ಹೆಸರು ಬಿತ್ತು. ಕನ್ನಡದಲ್ಲಿ ಹೇಳೋದಾದ್ರೆ, ವಾಸದ ಅಂಗಳ. 1976ರಲ್ಲಿ ಕಾನೂನೇ ಬಂತು: ಅಂಥ ಬೀದಿಯಲ್ಲಿ ನಡೆಯೋರು ಪೂರ್ತಿ ಅಗಲ ಬಳಸಬಹುದು, ಮಕ್ಕಳು ಆಡಬಹುದು, ಗಾಡಿ ಮಾತ್ರ ನಡಿಗೆ ವೇಗದಲ್ಲಿ ಹೋಗಬೇಕು.

ಇಷ್ಟಾದ ಮೇಲೆ ಎಲ್ಲರೂ ಖುಷಿಯಾಗಿದ್ರಾ ಅಂದ್ರೆ, ಇಲ್ಲ. ಇಡೀ ಬೀದಿ ಅಗೆದು ಕಟ್ಟೋಕೆ ಖರ್ಚು ಜಾಸ್ತಿ. ಪಾರ್ಕಿಂಗ್ ಕಮ್ಮಿ. ಒಂದು ಬೀದಿ ತಣ್ಣಗಾದ್ರೆ ಅಲ್ಲಿನ ಗಾಡಿಗಳು ಪಕ್ಕದ ಬೀದಿಗೆ ತಿರುಗ್ತವೆ, ಪಕ್ಕದ ಬೀದಿಯೋರು ಕೇಳ್ತಾರೆ, ನಮ್ಮ ಮಕ್ಕಳೇನು ಮಕ್ಕಳಲ್ವಾ? ಈ ಕೊನೇ ಪ್ರಶ್ನೆಯೇ ನನಗೆ ಇಡೀ ಕತೆಯ ತಿರುಳು ಅನ್ಸುತ್ತೆ. 1980ರ ದಶಕದಲ್ಲಿ ಅವರು ಒಂಟಿ ಬೀದಿ ಬಿಟ್ಟು ಇಡೀ ಬಡಾವಣೆಗೇ ಗಂಟೆಗೆ 30 ಕಿ.ಮೀ. ವಲಯ ಮಾಡೋಕೆ ಶುರು ಮಾಡಿದ್ದು ಅದಕ್ಕೇ ಹೊಂದುತ್ತೆ. 2023ರಲ್ಲಿ ಅಲ್ಲಿ ರಸ್ತೆಯಲ್ಲಿ ಸತ್ತವರು 684 ಜನ. ಕಾರುಗಳು 1971ಕ್ಕಿಂತ ಎಷ್ಟೋ ಪಟ್ಟು ಹೆಚ್ಚಿವೆ.

ನಮ್ಮಲ್ಲಿ? 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಬೆಂಗಳೂರಲ್ಲೇ 2020ರ ನವೆಂಬರ್‌ನಲ್ಲಿ ಚರ್ಚ್ ಸ್ಟ್ರೀಟನ್ನ ವಾರಾಂತ್ಯಕ್ಕೆ ಗಾಡಿಗಳಿಗೆ ಮುಚ್ಚಿ ನೋಡಿದ್ದು ನಿಮಗೆ ನೆನಪಿರಬಹುದು. ನಿಮ್ಮಲ್ಲಿ ಕೆಲವರು ಅಲ್ಲಿ ಸೆಲ್ಫಿ ತಗೊಂಡಿರ್ತೀರಿ. ಕೆಲವು ತಿಂಗಳಿಗೆ ಆ ಪ್ರಯೋಗ ಮುಗೀತು.

ಹಂಪಿಗೂ ನಮ್ಮಲ್ಲಿ ನಿಯಮ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಅಳತೆ ಕೊಟ್ಟಿದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋದ್ರೆ ಆರಾಮಾಗಿ ದಾಟಬೇಕು. ಬ್ರಿಟನ್ನಿನಲ್ಲಿ ವಾಟ್ಸ್ ಅನ್ನೋ ಸಂಶೋಧಕರು 1973ರಲ್ಲಿ ಪರೀಕ್ಷೆ ಮಾಡಿ ಗೊತ್ತು ಮಾಡಿದ ಹನ್ನೆರಡು ಅಡಿಯ ಹಂಪಿನ ಅಳತೆಯೂ ಹೆಚ್ಚುಕಮ್ಮಿ ಇದೇ. ನಾನು ಟೇಪ್ ತಗೊಂಡು ಹೋಗಿ ಅಜ್ಜಿಯ ಗುಡ್ಡೆ ಅಳೆದೆ. ಅಗಲ ಒಂದಡಿ. ಎತ್ತರ ಹದಿನೆಂಟು ಸೆಂಟಿಮೀಟರ್. ಅಂಕಲ್ ಹೇಳಿದ್ರಲ್ಲಿ ತಪ್ಪಿಲ್ಲ, ಅದು ಬೆನ್ನು ಮುರಿಯೋ ಗುಡ್ಡೆಯೇ. ಅಜ್ಜಿ ಹೇಳಿದ್ರಲ್ಲೂ ತಪ್ಪಿಲ್ಲ, ಅವರು ಕೊಟ್ಟ ಎರಡು ಅರ್ಜಿಗೆ ಇವತ್ತಿಗೂ ಉತ್ತರ ಬಂದಿಲ್ಲ.

ಹೋದ ಭಾನುವಾರ ಎರಡೂ ವಾಟ್ಸಾಪ್ ಗ್ರೂಪಿನೋರನ್ನ ನಮ್ಮ ಮನೆ ತಾರಸಿಗೆ ಕರೆದೆ. ಕಾಫಿ ಕೊಟ್ಟು, ಗೋಡೆ ಮೇಲೆ ಆ ಸಾಕ್ಷ್ಯಚಿತ್ರ ಹಾಕಿದೆ. ಡಚ್ ಭಾಷೆ ಯಾರಿಗೂ ಬರಲ್ಲ, ಆದ್ರೆ ಕಾರಿನವನು ಹಲಗೆ ಕೀಳೋ ಹೊತ್ತಿಗೆ ಎಲ್ಲರೂ ಅಂಕಲ್ ಕಡೆ ತಿರುಗಿದರು. ಅಂಕಲ್ ಮೊದಲು ಮುಖ ಬಿಗಿದರು, ಆಮೇಲೆ ಅವರೇ ನಕ್ಕರು. ಪಕ್ಕದ ಕ್ರಾಸಿನಿಂದ ಬಂದಿದ್ದ ಒಬ್ಬರು ಮಾತ್ರ ನಗಲಿಲ್ಲ. "ನೀವಿಲ್ಲಿ ಅಡ್ಡ ಹಾಕಿದ್ರೆ ಗಾಡಿಗಳೆಲ್ಲ ನಮ್ಮ ರಸ್ತೆಗೆ ಬರ್ತವೆ, ಅದಕ್ಕೇನ್ ಮಾಡ್ತೀರಾ?" ಅಂತ ಕೇಳಿದರು. ನನ್ನ ಹತ್ರ ಉತ್ತರ ಇರಲಿಲ್ಲ. ಕೊನೆಗೆ ಅವರನ್ನೂ ಸೇರಿಸ್ಕೊಂಡು ಒಂದು ಒಪ್ಪಂದಕ್ಕೆ ಬಂದ್ವಿ. ಗುಡ್ಡೆ ಒಡೆಯೋದು. ವಾರ್ಡ್ ಆಫೀಸಿಗೆ ಎರಡೂ ಬೀದಿಯೋರು ಒಟ್ಟಿಗೆ ಹೋಗಿ, ಎರಡು ವಾರ ಎರಡೂ ಕಡೆ ಡ್ರಮ್ ಇಟ್ಟು ದಾರಿ ಸೊಟ್ಟ ಮಾಡೋಕೆ ಅನುಮತಿ ಕೇಳೋದು. ಅರ್ಜಿಯಲ್ಲಿ ಮೊದಲ ಸಹಿ ಅಜ್ಜಿದು, ಎರಡನೇದು ಅಂಕಲ್‌ದು.

ಡ್ರಮ್ ಯಾರ ಮನೆ ಮುಂದೆ ಇಡೋದು ಅನ್ನೋ ಜಗಳ ನಿನ್ನೆ ರಾತ್ರಿ ಶುರುವಾಗಿದೆ. ಇನ್ನೂ ಮುಗಿದಿಲ್ಲ.