ಉಮರ್‌ಖಾಡಿ ಜೈಲಿನ ಉಳಿದರ್ಧ ಕೈದಿಗಳು

ವಿಲೆ ಪಾರ್ಲೆಯ ಕೂಪರ್ ಆಸ್ಪತ್ರೆಯಲ್ಲಿ ಮಗುವಿಗೆ ಲಸಿಕೆ ಹಾಕಿಸಿ, ಅದರ ಅಳು ನಿಲ್ಲಿಸುತ್ತಾ ರಿಕ್ಷಾ ಹತ್ತುವವರು ಆ ಸೂಜಿಯ ಹಿಂದಿನ ಕಥೆಯನ್ನು ಯಾಕೆ ಯೋಚಿಸಬೇಕು ಹೇಳಿ? ಮದ್ದು ಕೆಲಸ ಮಾಡುತ್ತದೆಂದು ಯಾರೋ ಮೊದಲೇ ನೋಡಿದ್ದಾರೆ, ಅಷ್ಟು ಸಾಕು. ಆದರೆ ಹೇಗೆ ನೋಡಿದರು? ಕೆಲವರಿಗೆ ಕೊಟ್ಟು, ಕೆಲವರಿಗೆ ಕೊಡದೆ, ಯಾರು ಬದುಕಿದರು ಯಾರು ಸತ್ತರು ಎಂದು ಲೆಕ್ಕವಿಟ್ಟು. ಕೊಡದೆ ಬಿಟ್ಟವರ ಬಗ್ಗೆ ನಾವು ಮಾತಾಡುವುದು ಕಡಿಮೆ. ಅವರನ್ನು ಹುಡುಕಲು ಪರದೇಶಕ್ಕೆ ಹೋಗಬೇಕಿಲ್ಲ, ಇದೇ ಮುಂಬೈಯ ಬೈಕಲಾ, ಡೋಂಗ್ರಿ ಸಾಕು.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡರು. ಈ ಮನುಷ್ಯನ ನಿಯತ್ತಿನ ಬಗ್ಗೆ ನನಗೆ ಅನುಮಾನವಿಲ್ಲ. ಅದೇ ತಿಂಗಳು ಬೈಕಲಾ ಜೈಲಿಗೆ ಪ್ಲೇಗ್ ಹೊಕ್ಕಿತು. 30ರಂದು ಸುಮಾರು 150 ಕೈದಿಗಳು ತಾವಾಗಿ ಮುಂದೆ ಬಂದು ಚುಚ್ಚುಮದ್ದು ಹಾಕಿಸಿಕೊಂಡರು. ಅವರಲ್ಲಿ ಮೂವರಿಗೆ ಅದೇ ಸಂಜೆ ರೋಗ ಕಾಣಿಸಿ ತೀರಿಕೊಂಡರು. ಮೊದಲೇ ಸೋಂಕು ಇತ್ತೆಂದು ಅವರನ್ನು ಲೆಕ್ಕದಿಂದ ತೆಗೆದರು. ಮುಂದಿನ ದಿನಗಳಲ್ಲಿ ಮದ್ದು ಹಾಕಿಸಿಕೊಳ್ಳದ ಕೈದಿಗಳಲ್ಲಿ 12 ಮಂದಿಗೆ ರೋಗ ಬಂತು, 6 ಮಂದಿ ಸತ್ತರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಬಂತು, ಇಬ್ಬರೂ ಬದುಕಿದರು. ಜೈಲಿನೊಳಗೆ ಕೈದಿ 'ತಾವಾಗಿ' ಮುಂದೆ ಬರುವುದೆಂದರೆ ಏನು ಅನ್ನುವುದು ಬೇರೆ ಮಾತು. ಆದರೂ ಅಲ್ಲಿ ಬೇಡ ಅಂದವರು ಬೇಡ ಅಂದವರೇ.

ಉಮರ್‌ಖಾಡಿಯಲ್ಲಿ ಹಾಗಲ್ಲ. ಡೋಂಗ್ರಿಯ ಆ ಹಳೇ ಜೈಲು ನಿಮಗೆ ಗೊತ್ತಿರಬಹುದು, ಮುಂದೆ ಅದು ಮಕ್ಕಳ ಗೃಹವಾಯಿತು. 1898ರ ಜನವರಿಯಲ್ಲಿ ಅಲ್ಲಿ ಪ್ಲೇಗ್ ಕಾಣಿಸಿದಾಗ ಕೈದಿಗಳೆಲ್ಲ ಮದ್ದಿಗೆ ಒಪ್ಪಿದ್ದರು. ಅವರನ್ನು ಸಾಲಾಗಿ ಕೂರಿಸಿ ಒಬ್ಬರನ್ನು ಬಿಟ್ಟು ಒಬ್ಬರಿಗೆ ಚುಚ್ಚಿದರು. ಕೊನೆಯ ಲೆಕ್ಕದಲ್ಲಿ ಚುಚ್ಚಿಸಿಕೊಂಡ 147 ಮಂದಿಯಲ್ಲಿ 3 ಮಂದಿಗೆ ರೋಗ, ಸಾವಿಲ್ಲ. ಬಿಟ್ಟ 127 ಮಂದಿಯಲ್ಲಿ 10 ಮಂದಿಗೆ ರೋಗ, 6 ಸಾವು. ಬೈಕಲಾದ ಫಲಿತಾಂಶ ಹನ್ನೊಂದು ತಿಂಗಳಿಂದ ಕೈಯಲ್ಲೇ ಇತ್ತು ಎಂಬುದನ್ನು ಮರೆಯಬೇಡಿ.

ಮರುತಿಂಗಳು ಬರೋಡಾ ಸಂಸ್ಥಾನದ ಉಂಧೇರಾ ಎಂಬ ಹಳ್ಳಿಯಲ್ಲಿ ಒಂದೊಂದು ಮನೆಯನ್ನೇ ಅರ್ಧರ್ಧ ಮಾಡಿದರು. ಒಂದೇ ಸೂರಿನಡಿ ಕೆಲವರಿಗೆ ಮದ್ದು, ಉಳಿದವರಿಗೆ ಇಲ್ಲ. ಮದ್ದು ಪಡೆದ 71 ಮಂದಿಯಲ್ಲಿ 3 ಸಾವು. ಪಡೆಯದ 64 ಮಂದಿಯಲ್ಲಿ 26 ಸಾವು. ವಿಜ್ಞಾನಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿರಲಿಲ್ಲ. ಆ ಮನೆಗಳಲ್ಲಿ ಉಳಿದ ತಾಯಂದಿರು ಏನಂದುಕೊಂಡರೋ, ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಯಾಕೆ ಜೈಲು? ಹೊರಗಿನವರು ಬೇಡ ಅನ್ನಬಲ್ಲವರಾಗಿದ್ದರು. 1898ರ ಮಾರ್ಚ್ 9ರಂದು ನಮ್ಮ ಜುಲಾಹಾ ನೇಕಾರರ ಓಣಿಗೆ ಪ್ಲೇಗ್ ತಪಾಸಣೆಯವರು ಬಂದು ಕಾಯಿಲೆ ಬಿದ್ದ ಹುಡುಗಿಯೊಬ್ಬಳನ್ನು ಒಯ್ಯಲು ನೋಡಿದಾಗ ದೊಡ್ಡ ಗಲಭೆಯೇ ಆಯಿತು. ಅದನ್ನು ಮೌಢ್ಯ ಎಂದು ತಳ್ಳಿಹಾಕುವವರಿಗೆ ಒಂದು ಮಾತು: ಅದೇ ಊರಿನ ಖೋಜಾಗಳು ಸಾವಿರಗಟ್ಟಲೆ ಲಸಿಕೆ ಹಾಕಿಸಿಕೊಂಡರು. ಅವರ ಇಮಾಮ್ ಆಗಾ ಖಾನ್ ಮೂರನೆಯವರು ಎಲ್ಲರೆದುರು ತಾವೇ ಮೊದಲು ತೋಳು ಒಡ್ಡಿದ್ದರು, ಹಾಫ್ಕಿನ್‌ರ ಪ್ರಯೋಗಾಲಯಕ್ಕೆ ತಮ್ಮ ಬಂಗಲೆಯನ್ನೇ ಬಿಟ್ಟುಕೊಟ್ಟಿದ್ದರು. ನಮ್ಮ ಹುಬ್ಬಳ್ಳಿಯಲ್ಲೂ ಅದೇ ವರ್ಷ ಡಾಕ್ಟರ್ ಲ್ಯೂಮನ್ ಊರಿನ ಬಹುಪಾಲು ಜನರಿಗೆ ಚುಚ್ಚಿದರು.

ಇದೆಲ್ಲ ಬ್ರಿಟಿಷರ ಕಾಲದ್ದು, ಕೈದಿಗಳದ್ದು ಅನ್ನುತ್ತೀರಾ? ಹಾಗಾದರೆ ಪರೇಲಿಗೆ ಬನ್ನಿ. ಹಾಫ್ಕಿನ್ ಹೆಸರಿನ ಸಂಸ್ಥೆ ಇರುವ ಆ ಪರೇಲಿನಲ್ಲೇ ಟಾಟಾ ಮೆಮೋರಿಯಲ್ ಆಸ್ಪತ್ರೆಯೂ ಇದೆ. ಗರ್ಭಕಂಠದ ಕ್ಯಾನ್ಸರನ್ನು ವಿನೆಗರ್ ಹಚ್ಚಿ ಬರಿಗಣ್ಣಿನಲ್ಲೇ ಪತ್ತೆಹಚ್ಚುವ ಅಗ್ಗದ ಪರೀಕ್ಷೆಯೊಂದನ್ನು ಒರೆಗೆ ಹಚ್ಚಲು ಅಲ್ಲಿನ ವೈದ್ಯರು 1998ರಲ್ಲಿ ಮುಂಬೈಯ ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿಕೊಂಡರು. ಹಣ ಕೊಟ್ಟದ್ದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ. 75,360 ಮಂದಿ ಪರೀಕ್ಷೆಯ ಗುಂಪಿಗೆ ಬಿದ್ದರು. ಉಳಿದ 76,178 ಮಂದಿಗೆ ಆರೋಗ್ಯದ ತಿಳಿವಳಿಕೆ ಮಾತ್ರ, ಪರೀಕ್ಷೆ ಇಲ್ಲ. 2013ರಲ್ಲಿ ಶಿಕಾಗೋದ ಸಮ್ಮೇಳನದಲ್ಲಿ ಫಲಿತಾಂಶ ಹೊರಬಿತ್ತು: ಪರೀಕ್ಷೆಯ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ. 31ರಷ್ಟು ಕಡಿಮೆ. ಚಪ್ಪಾಳೆ ಬಿತ್ತು, ಬೀಳಬೇಕಾದ್ದೇ.

ಆದರೆ ಪ್ಯಾಪ್ ಸ್ಮಿಯರ್ ಎಂಬ ಪರೀಕ್ಷೆ ಜೀವ ಉಳಿಸುತ್ತದೆಂದು ದಶಕಗಳಿಂದ ಗೊತ್ತಿತ್ತಲ್ಲ, ಉಳಿದರ್ಧಕ್ಕೆ ಅದನ್ನಾದರೂ ಯಾಕೆ ಕೊಡಲಿಲ್ಲ ಎಂದು ಅಮೆರಿಕದ ವೈದ್ಯ ಎರಿಕ್ ಸೂಬಾ ಕೇಳಿದರು. ಭಾರತದಲ್ಲಿ ಸಾಮಾನ್ಯ ಹೆಂಗಸರಿಗೆ ಯಾವ ತಪಾಸಣೆಯೂ ಇಲ್ಲ, ಹಾಗಾಗಿ ಇಲ್ಲಿನ ಪದ್ಧತಿಯಂತೆಯೇ ನಡೆದಿದೆ, ಪ್ಯಾಪ್ ಪರೀಕ್ಷೆಗೆ ಬೇಕಾದ ವ್ಯವಸ್ಥೆ ನಮ್ಮಲ್ಲಿಲ್ಲ ಎಂಬುದು ಸಂಶೋಧಕರ ಉತ್ತರ. ಈ ಉತ್ತರ ಸುಳ್ಳಲ್ಲ, ಆದರೆ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಬಡವರಿಗೆ ಏನೂ ಸಿಗದಿರುವುದನ್ನೇ 'ಪದ್ಧತಿ' ಅಂದುಬಿಟ್ಟರೆ, ಬಡವರ ಮೇಲೆ ಏನನ್ನೂ ಕೊಡದ ಪ್ರಯೋಗ ಎಂದೂ ತಪ್ಪಾಗುವುದೇ ಇಲ್ಲ. ಮುಂಬೈ, ಉಸ್ಮಾನಾಬಾದ್, ದಿಂಡಿಗಲ್ ಮೂರೂ ಕಡೆಯ ಇಂಥ ಅಧ್ಯಯನಗಳಲ್ಲಿ ತಪಾಸಣೆ ಇಲ್ಲದ ಗುಂಪುಗಳ 254 ಹೆಂಗಸರು ಈ ಕ್ಯಾನ್ಸರಿನಿಂದ ತೀರಿಕೊಂಡರೆಂದು ಸೂಬಾ ಲೆಕ್ಕ ಕೊಟ್ಟರು. ಮುಂಬೈಯ ಹೆಂಗಸರಿಗೆ ಒಪ್ಪಿಗೆ ಕೇಳುವಾಗ ಸಾಕಷ್ಟು ಮಾಹಿತಿ ಕೊಟ್ಟಿರಲಿಲ್ಲವೆಂದು ಅಮೆರಿಕದ ಮಾನವ ಸಂಶೋಧನಾ ರಕ್ಷಣಾ ಕಚೇರಿಯೂ ಹೇಳಿತು.

ಈಗ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳಿವೆ. ಹೊಸ ಔಷಧದ ಪ್ರಯೋಗಕ್ಕೆ ಸೇರಿಸುವ ಮುನ್ನ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿ, ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಯಾವಾಗ ಬೇಕಾದರೂ ಹೊರಬರಬಹುದು, ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆಗೆ ತೊಂದರೆಯಾಗಬಾರದು. ನಿಮ್ಮ ಮನೆಯ ಯಾರಿಗಾದರೂ ಅಂಥ ಕಾಗದ ಕೊಟ್ಟರೆ, ಮದ್ದು ಸಿಕ್ಕಿದ ಗುಂಪಿಗೆ ಏನಾಗುತ್ತದೆ ಎಂದಷ್ಟೇ ಕೇಳಬೇಡಿ. ಇನ್ನೊಂದು ಗುಂಪಿಗೆ ಬಿದ್ದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಅದು ಹೊರಗೆ ಬೇರೆ ಕಡೆ ಸಿಗುತ್ತದೆಯೇ ಎಂದೂ ಕೇಳಿ. ಉತ್ತರ ಬರುವವರೆಗೆ ಪೆನ್ನು ಕೆಳಗಿಡಿ.