ಒಂದು ಡಬ್ಬಿ ಮಸಿಯ ವ್ಯಾಜ್ಯ

ಮಸಿಯೇನು ಮಹಾ ವಸ್ತು ಎಂದು ವಾಚಕರು ಕೇಳಿಯಾರು. ಹಿಂದಿನವರು ದೀಪದ ಕಾಡಿಗೆಯನ್ನೋ ಅಳಲೆಕಾಯಿಯನ್ನೋ ಅರೆದು ಮನೆಯಲ್ಲೇ ಮಸಿ ಮಾಡಿಕೊಳ್ಳುತ್ತಿದ್ದರು. ಲೆಕ್ಕಣಿಕೆ ಮಾರಿದವನು ‘ನನ್ನ ಮಸಿಯಲ್ಲೇ ಅದ್ದತಕ್ಕದ್ದು’ ಎಂದು ಹಟ ಹಿಡಿದ ಸಂಗತಿಯನ್ನು ನಾನಂತೂ ಕೇಳಿಲ್ಲ. ಈಗ ಮಸಿಯೂ ಕೋರ್ಟಿನ ಮೆಟ್ಟಿಲು ಹತ್ತಿದ ಪದಾರ್ಥ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು ಇನ್ನೂ ಕೋಲಾರ ಜಿಲ್ಲೆಗೆ ಸೇರಿದ್ದ ಕಾಲದಲ್ಲೇ, 2002ರ ವೇಳೆಗೆ, ಕೈಬರಹದ ಪಹಣಿ ಹೋಗಿ ಕಂಪ್ಯೂಟರಿನ ಪಹಣಿ ಬಂತು. ಅಂದಿನಿಂದ ರೈತನ ಜಮೀನಿನ ಕಾಗದವೂ ಪ್ರಿಂಟರಿನ ಮಸಿಯನ್ನು ನಂಬಿಕೊಂಡಿದೆ. ತಾಲ್ಲೂಕು ಕಚೇರಿಗಳ ಎದುರಿನ ಜೆರಾಕ್ಸ್ ಅಂಗಡಿಗಳಲ್ಲಿ ನಾನು ಕಂಡಂತೆ, ಕಾರ್ಟ್ರಿಜ್ ಬರಿದಾದರೆ ಎಸೆದು ಹೊಸದು ಕೊಳ್ಳುವವರು ಕಡಮೆ. ಬೇರೆಯವರ ಮಸಿ ತುಂಬಿಸಿಕೊಳ್ಳುವವರೇ ಹೆಚ್ಚು. ಚಿಂತಾಮಣಿಯ ಅಂಗಡಿಯಾತನೊಬ್ಬ ನನ್ನನ್ನು ಕೇಳಿದ: “ಬೇರೆ ಮಸಿ ತುಂಬಿದ್ರೆ ಕೇಸಾಗುತ್ತಾ ಸಾರ್?”

ಪ್ರಶ್ನೆ ನೂರು ವರ್ಷಕ್ಕೂ ಹಳೆಯದು. ನಮ್ಮ ಕಚೇರಿಗಳಲ್ಲಿದ್ದ ಸೈಕ್ಲೋಸ್ಟೈಲಿನ ದಾಯಾದಿ ಎನ್ನಬಹುದಾದ ಮಿಮಿಯೊಗ್ರಾಫ್ ಯಂತ್ರವನ್ನು ಅಮೆರಿಕದ ಎ. ಬಿ. ಡಿಕ್ ಕಂಪೆನಿ ಮಾರುತ್ತಿತ್ತು. ಇದಕ್ಕೆ ನಮ್ಮ ಸ್ಟೆನ್ಸಿಲ್ ಕಾಗದ, ನಮ್ಮ ಮಸಿಯನ್ನೇ ಬಳಸತಕ್ಕದ್ದು ಎಂಬ ಷರತ್ತು ಯಂತ್ರದ ಮೈಮೇಲೆಯೇ ಇತ್ತು. ಸಿಡ್ನಿ ಹೆನ್ರಿ ಎಂಬಾತ, ಈ ಷರತ್ತು ಗೊತ್ತಿದ್ದೂ, ನ್ಯೂಯಾರ್ಕಿನಲ್ಲಿ ಅಂಥ ಯಂತ್ರ ಕೊಂಡಿದ್ದ ಮಹಿಳೆಯೊಬ್ಬರಿಗೆ ಒಂದು ಡಬ್ಬಿ ಮಸಿ ಮಾರಿದ. ಮಸಿಗೆ ಪೇಟೆಂಟು ಇರಲಿಲ್ಲ. ಆದರೂ 1912ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 4–3ರ ಬಹುಮತದಿಂದ ಹೆನ್ರಿ ಪೇಟೆಂಟಿನ ಭಂಗಕ್ಕೆ ನೆರವಾದನೆಂದು ತೀರ್ಪಿತ್ತಿತು.

ನನಗೆ ರುಚಿಸುವುದು ಮುಖ್ಯ ನ್ಯಾಯಾಧೀಶ ವೈಟ್ ಅವರ ಭಿನ್ನಮತ. ಹೀಗೆ ಬಿಟ್ಟರೆ ಎಂಜಿನ್ನಿಗೆ ಯಾರ ಕಲ್ಲಿದ್ದಲು, ಬಡಗಿಯ ಉಜ್ಜುಗೊರಡಿಗೆ ಯಾರ ಮರ, ಅಡಿಗೆಯ ಪಾತ್ರೆಗೆ ಯಾರ ದಿನಸಿ ಎಂಬುದನ್ನೂ ಪೇಟೆಂಟುದಾರನೇ ಗೊತ್ತುಮಾಡಿಯಾನೆಂದು ಅವರು ಎಚ್ಚರಿಸಿದರು. ಶಿಡ್ಲಘಟ್ಟದವರಿಗೆ ಹೇಳುವುದಾದರೆ, ರೇಷ್ಮೆ ನೂಲು ಬಿಚ್ಚುವ ಯಂತ್ರ ಮಾಡಿದವನು ‘ನಾನು ಮಾರುವ ಗೂಡನ್ನೇ ಬೇಯಿಸು’ ಎಂದಂತೆ! ಆಗ ಅಲ್ಲಿನ ಗೂಡಿನ ಮಾರುಕಟ್ಟೆಯ ಗತಿಯೇನು? 1914ರಲ್ಲಿ ಅಮೆರಿಕದ ಸಂಸತ್ತು ಇಂಥ ಕಟ್ಟುಪಾಡುಗಳಿಗೆ ತಡೆಯೊಡ್ಡುವ ಕ್ಲೇಟನ್ ಕಾಯಿದೆಯನ್ನು ತಂದಿತು. 1917ರಲ್ಲಿ ಸಿನಿಮಾ ತೋರಿಸುವ ಯಂತ್ರದ ಖಟ್ಲೆಯೊಂದರಲ್ಲಿ ಕೋರ್ಟು ತನ್ನ ಹಳೆಯ ತೀರ್ಪನ್ನು ತಾನೇ ತಳ್ಳಿಹಾಕಿತು.

ನಮ್ಮಲ್ಲಿ ಇಷ್ಟು ರಗಳೆಯಾಗಲಿಲ್ಲ. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರ 1959ರ ವರದಿಯ ತರುವಾಯ ಬಂದ 1970ರ ಪೇಟೆಂಟು ಕಾಯಿದೆಯ 140ನೆಯ ಪ್ರಕರಣವೇ ಮಾತನ್ನು ನೇರವಾಗಿ ಹೇಳಿದೆ: ಪೇಟೆಂಟುಳ್ಳ ವಸ್ತುವನ್ನು ಮಾರುವಾಗ, ಅದಲ್ಲದ ಬೇರೊಂದು ವಸ್ತುವನ್ನೂ ತನ್ನಲ್ಲೇ ಕೊಳ್ಳಬೇಕೆಂದು ಕರಾರು ಹಾಕುವುದು ಕಾನೂನುಬಾಹಿರ.

ಮಸಿಯ ಮಾತು ಹೀಗೆ ತೀರಿತು. ಕಾರ್ಟ್ರಿಜ್ಜಿನ ಮಾತು ತೊಡಕಿನದು, ಅದಕ್ಕೇ ಪೇಟೆಂಟು ಇರಬಹುದಷ್ಟೆ. 2007ರಲ್ಲಿ ಕ್ಯಾನನ್ ಕಂಪೆನಿಯ ದಾವೆಯಲ್ಲಿ ಜಪಾನಿನ ಸುಪ್ರೀಂ ಕೋರ್ಟು, ಬರಿದಾದ ಕಾರ್ಟ್ರಿಜ್ಜುಗಳನ್ನು ತೊಳೆದು ಮಸಿ ತುಂಬಿ ಮಾರುವುದು ಹೊಸದಾಗಿ ತಯಾರಿಸಿದಂತೆಯೇ ಎಂದು ಕಂಪೆನಿಯ ಪರ ನಿಂತಿತು. ಹತ್ತು ವರ್ಷದ ಮೇಲೆ ಅಮೆರಿಕದಲ್ಲಿ ಬೇರೆ ರಾಗ. ಲೆಕ್ಸ್‌ಮಾರ್ಕ್ ಕಂಪೆನಿ ‘ಒಮ್ಮೆ ಬಳಸಿ ನಮಗೇ ಹಿಂತಿರುಗಿಸಿ’ ಎಂದು ಟೋನರ್ ಕಾರ್ಟ್ರಿಜ್ಜುಗಳನ್ನು ರಿಯಾಯಿತಿಯಲ್ಲಿ ಮಾರಿತ್ತು; ಅವನ್ನು ಕೊಂಡು ಮತ್ತೆ ತುಂಬಿಸಿದ್ದನ್ನು ಮಾರಿದ್ದು ವೆಸ್ಟ್ ವರ್ಜೀನಿಯದ ಇಂಪ್ರೆಷನ್ ಪ್ರಾಡಕ್ಟ್ಸ್ ಎಂಬ ಸಣ್ಣ ಕಂಪೆನಿ. 2017ರ ಮೇ 30ರ ತೀರ್ಪಿನ ಪ್ರಕಾರ, ಮಾಲು ಒಮ್ಮೆ ಮಾರಾಟವಾದರೆ ಅದರ ಮೇಲಣ ಪೇಟೆಂಟಿನ ಹಕ್ಕು ಅಲ್ಲಿಗೆ ಮುಗಿಯಿತು. ದುಡ್ಡು ಕೊಟ್ಟು ಕೊಂಡವನನ್ನು ಒಡೆಯನೆಂದು ಒಪ್ಪುವ ಈ ತೀರ್ಪೇ ನನಗೆ ಸರಿ ಕಾಣುತ್ತದೆ. ತುಂಬಿಸಿದ ಕಾರ್ಟ್ರಿಜ್ಜಿಗೆ ಕಂಪೆನಿಯ ಹೆಸರಿನ ಸುಳ್ಳು ಚೀಟಿ ಅಂಟಿಸುವ ಕಳ್ಳತನದ ಮಾತು ಬೇರೆ, ಅದನ್ನು ಯಾರೂ ಸಮರ್ಥಿಸಲಾರರು.

ಕೋರ್ಟಿನಲ್ಲಿ ಸೋತ ಷರತ್ತು ಈಗ ಕಾರ್ಟ್ರಿಜ್ಜಿನ ಚಿಪ್ಪಿನಲ್ಲಿ ಅಡಗಿ ಕೂತಿದೆ. 2016ರ ಸೆಪ್ಟೆಂಬರಿನಲ್ಲಿ ಎಚ್‌ಪಿ ಕಂಪೆನಿಯ ಕೆಲವು ಪ್ರಿಂಟರುಗಳು ಪರರ ಕಾರ್ಟ್ರಿಜ್ಜುಗಳನ್ನು ಹಠಾತ್ತನೆ ಒಲ್ಲೆನೆಂದವು. ಗಲಾಟೆಯೆದ್ದ ಮೇಲೆ ಕಂಪೆನಿ ಕ್ಷಮೆ ಕೇಳಿ, ಬೇಕಾದವರಿಗೆ ಆ ತಡೆಯನ್ನು ತೆಗೆಯುವ ಸಾಫ್ಟ್‌ವೇರ್ ಕೊಟ್ಟಿತು. ಇತ್ತ ತಯಾರಕರೇ ಸೀಸೆಯಿಂದ ಮಸಿ ಸುರಿದುಕೊಳ್ಳುವ ತೊಟ್ಟಿಯ ಪ್ರಿಂಟರುಗಳನ್ನು ಮಾರತೊಡಗಿದ್ದಾರೆ. ಯಂತ್ರದ ಬೆಲೆ ಹೆಚ್ಚು, ಮಸಿ ಅಗ್ಗ. ಗೌರಿಬಿದನೂರಿನ ಅಂಗಡಿಗಳಲ್ಲೂ ಅವು ಬಂದು ಕೂತಿವೆ.