ಚಾಕೊಲೇಟ್ ಕಾಸ್ಮೋಸ್: ಕಪ್ಪು ಹೂವು, ಸಿಹಿ ಗಂಧ

ಕಾಸ್ಮೋಸ್ ಎಂದೊಡನೆ ಕನ್ನಡಿಗರ ಕಣ್ಣೆದುರು ಬರುವುದು ರಸ್ತೆಯ ಬದಿಯಲ್ಲಿ, ಶಾಲೆಯ ಅಂಗಳದಲ್ಲಿ ತಾನೇ ತಾನಾಗಿ ಬೆಳೆದು ನಿಲ್ಲುವ ಕಿತ್ತಳೆ ಬಣ್ಣದ ಹೂವು. ಅದಕ್ಕೆ ಆರೈಕೆಯ ಹಂಗಿಲ್ಲ. ಒಮ್ಮೆ ಬೀಜ ಉದುರಿದರೆ ಮರುವರ್ಷ ಮತ್ತೆ ಅಲ್ಲಿಯೇ ಹಾಜರು. ಅದೇ ಕುಲಕ್ಕೆ ಸೇರಿದ ಚಾಕೊಲೇಟ್ ಕಾಸ್ಮೋಸ್ ಸ್ವಭಾವದಲ್ಲಿ ಇದಕ್ಕೆ ತೀರ ವಿರುದ್ಧವಾದುದು. ಅದು ಸುಲಭವಾಗಿ ಬೀಜ ಕಟ್ಟುವುದಿಲ್ಲ, ಕೊರೆಯುವ ಚಳಿಯನ್ನು ತಾಳುವುದಿಲ್ಲ, ಬುಡದಲ್ಲಿ ನೀರು ನಿಂತರೆ ಕೊಳೆತುಹೋಗುತ್ತದೆ. ಇಷ್ಟೆಲ್ಲ ಕೊರತೆಗಳಿದ್ದರೂ ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಪುಷ್ಪಪ್ರಿಯರು ಅದನ್ನು ಕೈಬಿಟ್ಟಿಲ್ಲ. ಅದಕ್ಕೆ ಕಾರಣ ಹೂವಿನ ಬಣ್ಣ ಮತ್ತು ಪರಿಮಳ.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕಾಸ್ಮೋಸ್ ಅಟ್ರೊಸ್ಯಾಂಗ್ವಿನಿಯಸ್. ಲ್ಯಾಟಿನ್ ಭಾಷೆಯ ಈ ಎರಡನೆಯ ಪದಕ್ಕೆ ಕಪ್ಪುಮಿಶ್ರಿತ ರಕ್ತವರ್ಣದ್ದು ಎಂದು ಅರ್ಥ. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಈ ಗಿಡ ಒಂದೂವರೆಯಿಂದ ಎರಡೂವರೆ ಅಡಿ ಎತ್ತರಕ್ಕೆ ಬೆಳೆಯುತ್ತದೆ. ಉದ್ದನೆಯ ತೆಳು ತೊಟ್ಟಿನ ತುದಿಯಲ್ಲಿ ಒಂದೊಂದೇ ಹೂ ಅರಳುತ್ತದೆ. ಹೂವಿನ ಅಗಲ 3ರಿಂದ 4.5 ಸೆಂಟಿಮೀಟರ್. ಸಾಮಾನ್ಯವಾಗಿ ಎಂಟು ಎಸಳು. ನೆರಳಿನಲ್ಲಿ ನೋಡಿದರೆ ಕಪ್ಪೆಂದೇ ಭಾಸವಾಗುವ ಎಸಳು ಬಿಸಿಲಿಗೆ ಹಿಡಿದಾಗ ಮಾಗಿದ ನೇರಳೆ ಹಣ್ಣಿನ ರಸದಂತೆ ಕೆಂಪಾಗಿ ಹೊಳೆಯುತ್ತದೆ. ಈ ಗಾಢತೆಗೆ ಕಾರಣ ಆಂಥೋಸಯನಿನ್ ವರ್ಗದ ವರ್ಣದ್ರವ್ಯಗಳು.

ಪರಿಮಳದ ವಿಚಾರದಲ್ಲಿ ಒಂದು ಮಾತನ್ನು ಮೊದಲೇ ಹೇಳಬೇಕು. ಮಲ್ಲಿಗೆ, ಸಂಪಿಗೆಗಳಂತೆ ಮನೆಯಿಡೀ ಹರಡುವ ಗಂಧ ಇದಲ್ಲ. ಹೂವಿನ ಸಮೀಪ ಬಾಗಿದಾಗ ಮಾತ್ರ, ಅದೂ ಬಿಸಿಲು ಕಾದ ಮಧ್ಯಾಹ್ನದ ನಂತರ, ಚಾಕೊಲೇಟಿನ ಸಿಹಿ ವಾಸನೆ ತಿಳಿಯುತ್ತದೆ. ವೆನಿಲಾದ ಪರಿಮಳಕ್ಕೆ ಮೂಲವಾದ ವೆನಿಲಿನ್ ಎಂಬ ಸಂಯುಕ್ತವೇ ಈ ಹೂವಿನಲ್ಲಿಯೂ ಇದೆ. ಚಾಕೊಲೇಟ್ ತಯಾರಿಕೆಯಲ್ಲಿ ವೆನಿಲಾ ಬೆರೆಸುವುದು ರೂಢಿಯಾದ್ದರಿಂದ ಮೂಗು ಇದನ್ನು ಚಾಕೊಲೇಟ್ ಎಂದೇ ಗುರುತಿಸುವುದು ಸಹಜ. ಹೆಸರನ್ನು ನಂಬಿ ಮಕ್ಕಳು ಹೂವನ್ನು ಬಾಯಿಗೆ ಹಾಕದಂತೆ ನೋಡಿಕೊಳ್ಳುವುದು ಒಳ್ಳೆಯದು. ಇದು ತಿನ್ನುವುದಕ್ಕಾಗಿ ಬೆಳೆಸುವ ಹೂವಲ್ಲ.

ಅಳಿಯದೆ ಅಳಿದುಹೋದ ಗಿಡ

ಈ ಗಿಡದ ತವರು ಮೆಕ್ಸಿಕೊ. 19ನೇ ಶತಮಾನದ ಮಧ್ಯಭಾಗದಲ್ಲಿ ಅಲ್ಲಿಂದ ಯುರೋಪಿಗೆ ಬಂದ ಬೀಜಗಳಿಂದ ಇಂಗ್ಲೆಂಡಿನಲ್ಲಿ ಗಿಡಗಳನ್ನು ಬೆಳೆಸಲಾಯಿತು. ಕ್ಯೂ ಉದ್ಯಾನದ ನಿರ್ದೇಶಕರಾಗಿದ್ದ ವಿಲಿಯಂ ಹೂಕರ್ 1861ರಲ್ಲಿ ಇದನ್ನು ಬೇರೊಂದು ಕಾಸ್ಮೋಸ್‌ನ ಬಗೆಯೆಂದು ಪರಿಗಣಿಸಿ ಚಿತ್ರಸಹಿತ ವಿವರಿಸಿದರು. ಸ್ವತಂತ್ರ ಪ್ರಭೇದವೆಂಬ ಸ್ಥಾನ ಮತ್ತು ಇಂದಿನ ಹೆಸರು ದೊರೆತದ್ದು 1894ರಲ್ಲಿ.

ಮುಂದಿನ ಕಥೆ ವಿಚಿತ್ರವಾದುದು. ಈ ಗಿಡ ತನ್ನದೇ ಪರಾಗದಿಂದ ಬೀಜ ಕಟ್ಟಲಾರದು. ಬೀಜವಾಗಬೇಕಾದರೆ ವಂಶವಾಹಿಯಲ್ಲಿ ಭಿನ್ನವಾದ ಇನ್ನೊಂದು ಗಿಡ ಬೇಕು. ಯುರೋಪಿನ ತೋಟಗಳಲ್ಲಿ ಕಾಲಕ್ರಮೇಣ ಉಳಿದದ್ದು ಒಂದೇ ಗಿಡದ ಸಂತತಿ. ಅದನ್ನು ಗೆಡ್ಡೆ ಬಿಡಿಸಿ, ಕುಡಿ ಕತ್ತರಿಸಿ ನೆಟ್ಟು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ ಬಂದರು. ಒಂದು ಶತಮಾನದ ಕಾಲ ಸಾವಿರಾರು ಕುಂಡಗಳಲ್ಲಿ ಅರಳಿದ್ದೆಲ್ಲ ವಾಸ್ತವದಲ್ಲಿ ಒಂದೇ ಗಿಡ ಎನ್ನಬಹುದು. ಇಂಥ ಗಿಡಕ್ಕೆ ಒಂದು ರೋಗ ತಗುಲಿದರೂ ಎಲ್ಲವೂ ಒಟ್ಟಿಗೆ ಅಪಾಯಕ್ಕೆ ಸಿಲುಕುತ್ತವೆ. ಈ ಕಾರಣಕ್ಕಾಗಿಯೇ ಇದರ ಕುಡಿಗಳನ್ನು ದ್ರವರೂಪದ ಸಾರಜನಕದ ಅತಿಶೀತದಲ್ಲಿ ಕಾಪಿಡುವ ವಿಧಾನವನ್ನು ಕ್ಯೂ ಉದ್ಯಾನದ ವಿಜ್ಞಾನಿಗಳೂ ಸೇರಿದ್ದ ತಂಡವೊಂದು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿತು.

ಕಾಡಿನಲ್ಲಿ ಈ ಗಿಡ ಪೂರ್ತಿ ಅಳಿದಿದೆ ಎಂಬ ಮಾತು ಬಹುಕಾಲ ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಬಂತು. ಮಾರಾಟಗಾರರಿಗೆ ಅದು ಅನುಕೂಲದ ಮಾತೂ ಆಗಿತ್ತು. ಅದು ನಿಜವಲ್ಲ. ಮಧ್ಯ ಮೆಕ್ಸಿಕೊದ ಗ್ವಾನಹ್ವಾಟೊ, ಕೆರೆಟಾರೊ ಮತ್ತು ಸಾನ್ ಲೂಯಿಸ್ ಪೊಟೊಸಿ ರಾಜ್ಯಗಳ ಪೈನ್ ಮತ್ತು ಓಕ್ ಕಾಡುಗಳಲ್ಲಿ, ಸಮುದ್ರಮಟ್ಟದಿಂದ ಸುಮಾರು 1,800ರಿಂದ 2,450 ಮೀಟರ್ ಎತ್ತರದಲ್ಲಿ ಇದು ಈಗಲೂ ಬೆಳೆಯುತ್ತದೆ. 1980ರ ದಶಕದ ಉತ್ತರಾರ್ಧದಿಂದ ಈಚೆಗೆ ಅಲ್ಲಿಂದ ಹಲವು ಬಾರಿ ಮಾದರಿಗಳನ್ನು ಸಂಗ್ರಹಿಸಲಾಗಿದೆ. ಇಂದಿಗೂ ಹಲವು ಜಾಹೀರಾತುಗಳಲ್ಲಿ 'ಭೂಮಿಯ ಮೇಲಿನ ಕೊನೆಯ ಗಿಡ' ಎಂಬ ಧಾಟಿಯ ವರ್ಣನೆ ಕಂಡರೆ ಅದಕ್ಕಾಗಿ ಹೆಚ್ಚು ಹಣ ತೆರುವ ಅಗತ್ಯವಿಲ್ಲ.

ಬೀಜದ ಪೊಟ್ಟಣ ಕೊಳ್ಳುವ ಮುನ್ನ

ನಗರವಾಸಿಗಳು ಮೋಸಹೋಗುವುದು ಇಲ್ಲಿಯೇ. ಅಂತರ್ಜಾಲದ ಮಳಿಗೆಗಳಲ್ಲಿ 'ಚಾಕೊಲೇಟ್ ಕಾಸ್ಮೋಸ್ ಬೀಜ' ಎಂದು ಪೊಟ್ಟಣಗಳು ಅಗ್ಗದ ಬೆಲೆಗೆ ದೊರೆಯುತ್ತವೆ. ಹಳೆಯ ತಳಿ ಬೀಜವನ್ನೇ ಕಟ್ಟದಿರುವಾಗ ಈ ಬೀಜ ಎಲ್ಲಿಂದ ಬಂತೆಂಬುದು ಕೇಳಬೇಕಾದ ಪ್ರಶ್ನೆ. ನ್ಯೂಜಿಲೆಂಡಿನಲ್ಲಿ ಬೀಜ ಕಟ್ಟಬಲ್ಲ ಗಿಡಗಳನ್ನು ರೂಪಿಸಲಾಗಿದ್ದು, ಅವುಗಳ ಬೀಜ ವಿದೇಶದ ಕೆಲವು ವ್ಯಾಪಾರಿಗಳಲ್ಲಿ ಉಂಟು. ಆದರೆ ಅದು ವಿರಳ, ದುಬಾರಿ. ಅಗ್ಗದ ಪೊಟ್ಟಣದಿಂದ ಹುಟ್ಟುವುದು ಬಹುತೇಕ ಸಾಮಾನ್ಯ ಕಾಸ್ಮೋಸ್‌ನ ಕಡುಗೆಂಪು ಬಗೆ. ಚೆಂದದ ಹೂವೇ ಹೌದು. ಆದರೆ ಚಾಕೊಲೇಟಿನ ವಾಸನೆ ಇಲ್ಲ, ಮಣ್ಣಿನೊಳಗೆ ಗೆಡ್ಡೆಯೂ ಇಲ್ಲ.

ಎರಡರ ನಡುವಿನ ಭೇದವನ್ನು ಎಲೆಯಲ್ಲಿಯೇ ಗುರುತಿಸಬಹುದು. ಸಾಮಾನ್ಯ ಕಾಸ್ಮೋಸ್‌ನ ಎಲೆ ಸಬ್ಬಸಿಗೆ ಸೊಪ್ಪಿನಂತೆ ನೂಲುನೂಲಾಗಿ ಸೀಳಿರುತ್ತದೆ. ಚಾಕೊಲೇಟ್ ಕಾಸ್ಮೋಸ್‌ನ ಎಲೆಯಲ್ಲಿ ಅಗಲವಾದ ಬಿಡಿ ಎಸಳುಗಳಿದ್ದು, ನೋಡಲು ಡೇಲಿಯಾದ ಎಲೆಯನ್ನು ಹೋಲುತ್ತದೆ. ಆದ್ದರಿಂದ ಎಲೆ ಬಿಟ್ಟ ಗಿಡವನ್ನೋ ಮೊಳಕೆಯ ಕಣ್ಣುಳ್ಳ ಗೆಡ್ಡೆಯನ್ನೋ ಕೊಳ್ಳುವುದು ಕ್ಷೇಮ.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಮಕ್ಕಳು ಊರಿಗೆ ಬರುವಾಗ ಪೆಟ್ಟಿಗೆಯ ಮೂಲೆಯಲ್ಲಿ ನಾಲ್ಕು ಗೆಡ್ಡೆ ಇಟ್ಟುಕೊಂಡು ಬರಲಿ ಎಂದು ಹೇಳುವವರಿದ್ದಾರೆ. ಇದು ಕಾನೂನಿಗೆ ವಿರುದ್ಧ. 2003ರ ಸಸ್ಯ ಸಂಗರೋಧ ಆದೇಶದಂತೆ ನೆಡುವ ಗೆಡ್ಡೆ, ಬೀಜಗಳನ್ನು ಭಾರತಕ್ಕೆ ತರಲು ಆಮದು ಪರವಾನಗಿಯೂ ರಫ್ತು ಮಾಡುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಹೊರಗಿನ ಮಣ್ಣಿನೊಡನೆ ಬರುವ ರೋಗ ಒಂದು ತೋಟಕ್ಕೆ ನಿಲ್ಲುವುದಿಲ್ಲ.

ಇಲ್ಲಿನ ಶತ್ರು ಹಿಮವಲ್ಲ, ನೀರು

ಬ್ರಿಟನ್ನಿನ ತೋಟಗಾರಿಕೆ ಪುಸ್ತಕಗಳು ಹಿಮದ ಭಯವನ್ನೇ ಒತ್ತಿ ಹೇಳುತ್ತವೆ. ಅಲ್ಲಿ ಮೊದಲ ಹಿಮಕ್ಕೆ ಎಲೆಗಳು ಕಪ್ಪಾಗುತ್ತವೆ. ಆಗ ಕಾಂಡವನ್ನು ಮೊಟಕುಗೊಳಿಸಿ, ಗೆಡ್ಡೆಯನ್ನು ಅಗೆದು, ಒಣಗಿದ ಗೊಬ್ಬರದಲ್ಲಿ ಹುಗಿದು ಚಳಿ ತಾಗದ ಕೋಣೆಯಲ್ಲಿ ಇಡುತ್ತಾರೆ. ಬೆಂಗಳೂರು, ಮೈಸೂರು, ಹಾಸನಗಳಲ್ಲಿ ಅಂಥ ಹಿಮದ ಪ್ರಶ್ನೆಯೇ ಇಲ್ಲ. ಇಲ್ಲಿ ಗೆಡ್ಡೆಯನ್ನು ಕೊಲ್ಲುವುದು ಜಿಗುಟು ಮಣ್ಣು ಮತ್ತು ತಪ್ಪದೆ ದಿನವೂ ನೀರು ಹಾಕುವ ಕೈ.

ತವರಿನ ಋತುಚಕ್ರವನ್ನು ನೋಡಿದರೆ ಮಾಡಬೇಕಾದುದು ತಿಳಿಯುತ್ತದೆ. ಮೆಕ್ಸಿಕೊದ ಆ ಎತ್ತರದ ಪ್ರದೇಶದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಚಳಿಗಾಲವಿಡೀ ಒಣಹವೆ. ಗಿಡ ಮಳೆಯಲ್ಲಿ ಬೆಳೆದು ಹೂಬಿಟ್ಟು, ಒಣಗಾಲದಲ್ಲಿ ಗೆಡ್ಡೆಯಾಗಿ ನೆಲದೊಳಗೆ ನಿದ್ರಿಸುತ್ತದೆ. ದಕ್ಷಿಣ ಒಳನಾಡಿನ ಮಳೆಯ ಲೆಕ್ಕಾಚಾರ ಇದಕ್ಕೆ ತಕ್ಕಮಟ್ಟಿಗೆ ಹೊಂದುತ್ತದೆ. ಆದರೆ ಬೆಂಗಳೂರಿನ ಎತ್ತರ 900 ಮೀಟರ್ ಆಸುಪಾಸು ಮಾತ್ರ. ತವರಿನ ತಂಪು ಇಲ್ಲಿಲ್ಲವಾದ್ದರಿಂದ ಏಪ್ರಿಲ್ ಬಿಸಿಲಿನಲ್ಲಿ ಗೆಡ್ಡೆಯನ್ನು ಎಬ್ಬಿಸದೆ, ಮೇ ತಿಂಗಳ ಮೊದಲ ಮಳೆಗಳ ಹೊತ್ತಿಗೆ ನೆಡುವುದು ಉಚಿತ.

ನೆಲಕ್ಕಿಂತ ಕುಂಡವೇ ಮೇಲು. ಹನ್ನೆರಡು ಅಂಗುಲದ, ತಳದಲ್ಲಿ ಧಾರಾಳವಾಗಿ ರಂಧ್ರಗಳಿರುವ ಮಣ್ಣಿನ ಕುಂಡ ಒಂದು ಗಿಡಕ್ಕೆ ಸಾಕು. ಕೆಂಪುಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಸಮವಾಗಿ ಬೆರೆಸಿ ತುಂಬಬೇಕು. ಕಾಂಡದ ಬುಡ ಮಣ್ಣಿನಿಂದ ಎರಡು ಅಂಗುಲ ಕೆಳಗಿರುವಂತೆ ಗೆಡ್ಡೆಯನ್ನಿಟ್ಟು, ಮೊಳಕೆ ಕಾಣುವವರೆಗೆ ಮಣ್ಣನ್ನು ಬರಿದೆ ತೇವವಾಗಿಡಬೇಕು. ಈ ಗಿಡ ಏಳುವುದು ನಿಧಾನ. ವಾರಗಟ್ಟಲೆ ಏನೂ ಕಾಣದೆ ಸತ್ತಿತೆಂದು ಕುಂಡವನ್ನು ಬರಿದುಮಾಡಿದ ಮೇಲೆ ಮಣ್ಣಿನಲ್ಲಿ ಹಸಿರು ಕಣ್ಣು ಕಂಡು ಹಳಹಳಿಸಿದ ತೋಟಗಾರರು ಎಲ್ಲ ದೇಶಗಳಲ್ಲೂ ಇದ್ದಾರೆ.

ದಿನಕ್ಕೆ ಆರು ತಾಸು ಬಿಸಿಲು ಬೇಕು. ನೆರಳಾದರೆ ತೊಟ್ಟು ಸೊರಗಿ ಬಾಗುತ್ತದೆ, ಹೂವೂ ಕಡಿಮೆ. ಗೊಬ್ಬರದ ಅತಿಯೂ ಬೇಡ, ಸಾರಜನಕ ಹೆಚ್ಚಿದರೆ ಬರೀ ಸೊಪ್ಪು. ಬಾಡಿದ ಹೂಗಳನ್ನು ತೊಟ್ಟಿನ ಸಮೇತ ಕತ್ತರಿಸುತ್ತಿದ್ದರೆ ಹೊಸ ಮೊಗ್ಗುಗಳು ಬರುತ್ತಲೇ ಇರುತ್ತವೆ. ಸಸ್ಯಹೇನಿಗೆ ಬೇವಿನೆಣ್ಣೆಯ ಸಿಂಪಡಣೆ, ಬೂದಿ ರೋಗಕ್ಕೆ ಗಾಳಿಯಾಡುವ ಜಾಗ ಸಾಕು. ಎಳೆ ಮೊಳಕೆಗೆ ಬಸವನಹುಳುವಿನ ಕಾಟವುಂಟು.

ಮಂಗಳೂರು, ಕಾರವಾರಗಳ ಸುರಿಮಳೆ ಮತ್ತು ಸೆಖೆಯಲ್ಲಿ ಇದನ್ನು ಉಳಿಸಿಕೊಳ್ಳುವುದು ಕಷ್ಟ. ಕಲಬುರಗಿ, ರಾಯಚೂರುಗಳ ಬೇಸಿಗೆಯೂ ಇದರ ಜಾಯಮಾನಕ್ಕೆ ಒಗ್ಗದು. ಮಡಿಕೇರಿ, ಚಿಕ್ಕಮಗಳೂರಿನವರಿಗೆ ತಂಪಿನ ಅನುಕೂಲವಿದೆ. ಆದರೆ ಜುಲೈ ಮಳೆಯಲ್ಲಿ ಕುಂಡವನ್ನು ಸೂರಿನಡಿಗೆ ಸರಿಸಬೇಕಾದೀತು.

ನವೆಂಬರ್ ಕಳೆದು ಎಲೆ ಹಳದಿಯಾದಾಗ ನೀರನ್ನು ಹಂತಹಂತವಾಗಿ ಕಡಿಮೆಮಾಡಬೇಕು. ಒಣಗಿದ ಕಾಂಡವನ್ನು ನಾಲ್ಕು ಅಂಗುಲ ಬಿಟ್ಟು ಕತ್ತರಿಸಿ, ಕುಂಡವನ್ನು ನೆರಳಿನ ಮೂಲೆಗೆ ಸಾಗಿಸಿದರಾಯಿತು. ಗೆಡ್ಡೆ ಪೂರ್ತಿ ಸುಕ್ಕುಗಟ್ಟದಂತೆ ಎರಡು ಮೂರು ವಾರಕ್ಕೊಮ್ಮೆ ಒಂದು ಲೋಟ ನೀರು ಸಾಕು.

ಎರಡನೆಯ ವರ್ಷ ಗಿಡವನ್ನು ಹೆಚ್ಚಿಸಿಕೊಳ್ಳಬಹುದು. ಆಲೂಗಡ್ಡೆಯಂತೆ ಇದರ ಗೆಡ್ಡೆಯನ್ನು ಎಲ್ಲೆಂದರಲ್ಲಿ ತುಂಡರಿಸಿದರೆ ಫಲವಿಲ್ಲ. ಡೇಲಿಯಾದಂತೆ ಇದರ ಮೊಳಕೆ ಹೊರಡುವುದು ಕಾಂಡದ ಬುಡದಿಂದ ಮಾತ್ರ. ಪ್ರತಿ ತುಂಡಿನಲ್ಲೂ ಆ ಬುಡದ ಭಾಗ ಸ್ವಲ್ಪವಾದರೂ ಇರಬೇಕು. ಅದಕ್ಕಿಂತ ಸುಲಭವಾದುದು ಕುಡಿ ನೆಡುವುದು. ಬುಡದಿಂದ ಎದ್ದ ಎಳೆ ಕುಡಿ ಮೂರು ಅಂಗುಲವಾದಾಗ ಹರಿತವಾದ ಬ್ಲೇಡಿನಿಂದ ಕತ್ತರಿಸಿ, ಮರಳು ಮತ್ತು ತೆಂಗಿನ ನಾರಿನ ಪುಡಿಯ ಮಿಶ್ರಣದಲ್ಲಿ ಊರಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಮುಚ್ಚಿ ನೆರಳಿನಲ್ಲಿಡಬೇಕು. ಬೇರು ಬಿಟ್ಟ ಕುಡಿಯನ್ನು ತಡಮಾಡದೆ ಸಣ್ಣ ಕುಂಡಕ್ಕೆ ವರ್ಗಾಯಿಸುವುದು ಅಗತ್ಯ. ಒಣಗಾಲ ಬರುವಷ್ಟರಲ್ಲಿ ಅದು ತನ್ನದೇ ಗೆಡ್ಡೆ ಕಟ್ಟಿಕೊಳ್ಳದಿದ್ದರೆ ಮರುವರ್ಷಕ್ಕೆ ಉಳಿಯುವುದಿಲ್ಲ.